ಟ್ರ್ಯಾಕ್ಟರಿನ ದೀಪ ಮಿನುಗುವುದೇಕೆ? ದೋಷ ಪತ್ತೆ ಮಾಡುವ ಕ್ರಮ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ಸಾಮಾನ್ಯವಾಗಿ ತಮ್ಮೊಡನೆ ಮಾತನಾಡುವುದು ತಳಿ, ಗೊಬ್ಬರ, ನೀರು ಮತ್ತು ಕಳೆಗಳ ವಿಷಯ. ಇಂದು ಟ್ರ್ಯಾಕ್ಟರಿನ ದೀಪದ ವಿಷಯವನ್ನು ತೆಗೆದುಕೊಂಡಿದ್ದೇನೆ. ಬೆಳೆದ ಬೆಳೆ ಮನೆಗೋ, ಮಂಡಿಗೋ, ಕಾರ್ಖಾನೆಗೋ ಸುರಕ್ಷಿತವಾಗಿ ತಲುಪುವವರೆಗೂ ಬೇಸಾಯ ಮುಗಿಯಿತೆನ್ನುವಂತಿಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ಅರೆಯುವ ಕಾಲದಲ್ಲಿ ರಾತ್ರಿಯೆಲ್ಲಾ ಟ್ರೇಲರ್‌ಗಳು ರಸ್ತೆಯ ಮೇಲಿರುತ್ತವೆ. ಅವುಗಳಲ್ಲಿ ಹಿಂದಿನ ಕೆಂಪು ದೀಪ ಉರಿಯದ ಗಾಡಿಗಳೂ ಇವೆ, ಉರಿದು ಆರಿ ಮಿನುಗುವ ಗಾಡಿಗಳೂ ಇವೆ. ಮಿನುಗುವ ದೀಪವನ್ನು ನಾವು ಸಣ್ಣ ತೊಂದರೆ ಎಂದು ತಿಳಿದು ಮುಂದಕ್ಕೆ ಹಾಕುತ್ತೇವೆ. ಆದರೆ ಇಂದು ಮಿನುಗುವ ದೀಪ ನಾಳೆ ನಡುರಸ್ತೆಯಲ್ಲಿ ಆರಿಹೋಗುವ ದೀಪ ಎಂಬುದನ್ನು ಮರೆಯಬಾರದು.

ಒಂದು ಲೆಕ್ಕ ನೋಡೋಣ. ಹೊರೆ ಹೊತ್ತ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಅದರ ಹಿಂದೆ ಕಾರೊಂದು 80 ಕಿ.ಮೀ. ವೇಗದಲ್ಲಿ ಬರುತ್ತಿದೆ. ಇವೆರಡರ ನಡುವಿನ ಅಂತರ ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಕಡಿಮೆಯಾಗುತ್ತದೆ. ಟ್ರೇಲರಿಗೆ ಹಿಂದಿನ ದೀಪವಿಲ್ಲದೆ, ಕಾರಿನವನಿಗೆ ಅದು 50 ಮೀಟರ್ ದೂರದಲ್ಲಷ್ಟೇ ಕಂಡಿತೆನ್ನಿ. ಅವನಿಗೆ ಸಿಗುವ ಕಾಲ ಮೂರು ಸೆಕೆಂಡು ಮಾತ್ರ. 1989 ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ, ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನವರೆಗೆ ವಾಹನದ ದೀಪ ಉರಿಯುತ್ತಿರಬೇಕೆಂದು ಹೇಳಿರುವುದು ಸುಮ್ಮನೆ ಅಲ್ಲ.

ಲಕ್ಷಣ ನೋಡಿ ಕಾರಣ ಹುಡುಕಬೇಕು

ಬೆಳೆಯ ಎಲೆ ಹಳದಿಯಾದೊಡನೆ ಯೂರಿಯಾ ಚೀಲ ಬಿಚ್ಚಬೇಡಿರೆಂದು ನಾವು ಸದಾ ಹೇಳುತ್ತೇವೆ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಮೇಲಿನ ಎಳೆಯ ಎಲೆ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ಇಡೀ ಗದ್ದೆ ಹಳದಿಯಾಗಿದ್ದರೆ ನೀರು ನಿಂತು ಬೇರು ಉಸಿರಾಡದೆ ಹಾಗಾಗಿರಬಹುದು. ಲಕ್ಷಣ ಎಲ್ಲಿ ಕಾಣಿಸಿತು, ಯಾವಾಗ ಕಾಣಿಸಿತು ಎಂಬ ಎರಡು ಪ್ರಶ್ನೆಗಳೇ ಕಾರಣದ ಕಡೆಗೆ ದಾರಿ ತೋರುತ್ತವೆ.

ವಾಹನದ ವಿದ್ಯುತ್ತಿನ ವಿಷಯದಲ್ಲಿಯೂ ಇದೇ ಮಾತು. ದೀಪ ಮಿನುಗಿದೊಡನೆ ಹೊಸ ಬ್ಯಾಟರಿ ತರುವುದು ಹಳದಿ ಎಲೆಗೆಲ್ಲಾ ಯೂರಿಯಾ ಹಾಕಿದಂತೆಯೇ ಸರಿ. ಬಹುಪಾಲು ಸಂದರ್ಭಗಳಲ್ಲಿ ದೋಷ ಬ್ಯಾಟರಿಯಲ್ಲಿರುವುದಿಲ್ಲ. ಎಲ್ಲೋ ಒಂದು ಕಡೆ ಸಡಿಲವಾದ ಅಥವಾ ಕಿಲುಬು ಹಿಡಿದ ಜೋಡಣೆಯಲ್ಲಿರುತ್ತದೆ. ಅದನ್ನು ಸರಿಪಡಿಸಲು ಬೇಕಾದುದು ಒಂದು ಸ್ಪ್ಯಾನರ್, ಒಂದು ತುಂಡು ಮರಳು ಕಾಗದ ಮತ್ತು ಅರ್ಧ ಗಂಟೆಯ ತಾಳ್ಮೆ.

ವಿದ್ಯುತ್ತಿನ ದಾರಿ

ದೋಷ ಹುಡುಕುವ ಮುನ್ನ ವಿದ್ಯುತ್ತು ಹರಿಯುವ ದಾರಿಯನ್ನು ತಿಳಿಯಬೇಕು. ಬ್ಯಾಟರಿಯ ಧನಾಗ್ರದಿಂದ ಹೊರಟ ವಿದ್ಯುತ್ತು ಫ್ಯೂಸ್ ಮತ್ತು ಸ್ವಿಚ್ಚುಗಳನ್ನು ದಾಟಿ ತಂತಿಯ ಮೂಲಕ ಬಲ್ಬಿಗೆ ಬರುತ್ತದೆ. ಬಲ್ಬಿನಿಂದ ಹಿಂದಿರುಗಲು ಬೇರೆ ತಂತಿ ಇರುವುದು ಕಡಿಮೆ. ವಾಹನದ ಕಬ್ಬಿಣದ ಮೈಯೇ ಹಿಂದಿರುಗುವ ದಾರಿ. ಇದನ್ನೇ ಅರ್ತ್ ಎನ್ನುತ್ತಾರೆ. ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಬರುವ ದಾರಿಯನ್ನು ನೋಡುವವರು ಕಡಿಮೆ. ಕಾಲುವೆಯಲ್ಲಿ ನೀರು ಬಂದರೂ ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆಗೆ ತೊಂದರೆಯಾಗುವುದಿಲ್ಲವೇ? ಹಾಗೆಯೇ ಅರ್ತ್ ಕೆಟ್ಟರೆ ಹೊಸ ಬಲ್ಬೂ ಮಂಕಾಗುತ್ತದೆ, ಹೊಸ ಬ್ಯಾಟರಿಯೂ ಪ್ರಯೋಜನಕ್ಕೆ ಬರುವುದಿಲ್ಲ.

ಎಂಜಿನ್ ನಡೆಯುವಾಗ ಡೈನಮೋ ಅಥವಾ ಆಲ್ಟರ್ನೇಟರ್ ವಿದ್ಯುತ್ತನ್ನು ಉತ್ಪಾದಿಸಿ ದೀಪಗಳಿಗೂ ಕೊಟ್ಟು ಬ್ಯಾಟರಿಯನ್ನೂ ತುಂಬುತ್ತದೆ. ಅದರ ಒತ್ತಡ ಮಿತಿ ಮೀರದಂತೆ ನೋಡಿಕೊಳ್ಳುವುದು ರೆಗ್ಯುಲೇಟರಿನ ಕೆಲಸ.

ಬಲ್ಬಿಗೆ ಸಿಗುವ ಒತ್ತಡ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ತಂತಿ ಕಾದು ಉರಿಯುವ ಬಲ್ಬಿನಲ್ಲಿ ವೋಲ್ಟೇಜು ನೂರಕ್ಕೆ 10 ರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು 30 ರಷ್ಟು ಕುಗ್ಗುತ್ತದೆ. ಆದ್ದರಿಂದಲೇ ಒಂದು ಸಣ್ಣ ಸಡಿಲ ಜೋಡಣೆ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆಗಳು

ಸಂಜೆ ಮಬ್ಬುಗತ್ತಲಾದಾಗ ಟ್ರ್ಯಾಕ್ಟರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ದೀಪ ಹಾಕಿ, ಒಬ್ಬರು ಮೇಲೆ ಕುಳಿತು, ಇನ್ನೊಬ್ಬರು ಕೆಳಗೆ ನಿಂತು ಈ ಕೆಳಗಿನವನ್ನು ಗಮನಿಸಬೇಕು.

1. ಒಂದೇ ದೀಪ ಮಿನುಗುತ್ತಿದೆಯೇ? ಹಾಗಿದ್ದರೆ ದೋಷ ಆ ದೀಪದಲ್ಲಿಯೇ ಇದೆ. ಬಲ್ಬು, ಅದರ ಹೋಲ್ಡರ್, ಅದರ ಅರ್ತ್ ಸ್ಕ್ರೂ, ಅದಕ್ಕೆ ಬರುವ ತಂತಿ, ಇಷ್ಟನ್ನು ನೋಡಿದರೆ ಸಾಕು. ಬ್ಯಾಟರಿಯ ತಂಟೆಗೆ ಹೋಗಬೇಕಾಗಿಲ್ಲ.

2. ಎಂಜಿನ್ ನಿಲ್ಲಿಸಿ ದೀಪ ಹಾಕಿ ವಾಹನವನ್ನು ಕುಲುಕಿದಾಗ ಎಲ್ಲ ದೀಪಗಳೂ ಒಟ್ಟಿಗೆ ಮಿನುಗುತ್ತವೆಯೇ? ಆಗ ಎಲ್ಲ ದೀಪಗಳಿಗೂ ಸಮಾನವಾದ ಜಾಗದಲ್ಲಿ ದೋಷವಿದೆ. ಬ್ಯಾಟರಿಯ ತುದಿಗಳ ಹಿಡಿಕೆ, ಬ್ಯಾಟರಿಯಿಂದ ಮೈಗೆ ಹೋಗುವ ದಪ್ಪ ಅರ್ತ್ ಪಟ್ಟಿ, ಮುಖ್ಯ ಫ್ಯೂಸ್, ದೀಪದ ಸ್ವಿಚ್ಚು, ಇವುಗಳನ್ನು ಈ ಕ್ರಮದಲ್ಲಿಯೇ ಪರೀಕ್ಷಿಸಬೇಕು.

3. ಎಂಜಿನ್ನಿನ ವೇಗ ಏರಿಳಿದಂತೆ ಬೆಳಕೂ ಏರಿಳಿಯುತ್ತದೆಯೇ? ಆಗ ಬೆಲ್ಟು, ಡೈನಮೋ ಅಥವಾ ಆಲ್ಟರ್ನೇಟರ್ ಮತ್ತು ರೆಗ್ಯುಲೇಟರಿನ ಕಡೆ ನೋಡಬೇಕು. ಡೈನಮೋ ಇರುವ ಹಳೆಯ ಟ್ರ್ಯಾಕ್ಟರಿನಲ್ಲಿ ನಿಧಾನ ವೇಗದಲ್ಲಿ ದೀಪ ಸ್ವಲ್ಪ ಮಂಕಾಗುವುದು ಸಹಜ. ಏಕೆಂದರೆ ಕಡಿಮೆ ಸುತ್ತಿನಲ್ಲಿ ಡೈನಮೋ ಕೊಡುವ ವಿದ್ಯುತ್ತು ಅತ್ಯಲ್ಪ. ಆದರೆ ವೇಗ ಹೆಚ್ಚಿಸಿದಾಗ ದೀಪ ಕಣ್ಣು ಕುಕ್ಕುವಂತಾಗಿ, ಬಲ್ಬುಗಳು ಮೇಲಿಂದ ಮೇಲೆ ಸುಟ್ಟು, ಬ್ಯಾಟರಿಯ ನೀರು ಬೇಗ ಬೇಗ ಇಳಿಯುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಬೇಕು.

4. ಬ್ರೇಕು ಒತ್ತಿದಾಗ ಹಿಂದಿನ ದೀಪ ಮಂಕಾಗುತ್ತದೆಯೇ? ಇಂಡಿಕೇಟರ್ ಹಾಕಿದರೆ ಬೇರೊಂದು ದೀಪ ಅದರ ಜೊತೆಗೆ ಮಿನುಗುತ್ತದೆಯೇ? ಇದು ಅರ್ತ್ ಕೆಟ್ಟಿರುವುದರ ಖಚಿತವಾದ ಗುರುತು. ತನ್ನ ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತಿದೆ.

5. ಇಂಡಿಕೇಟರ್ ಎಂದಿಗಿಂತ ವೇಗವಾಗಿ ಹೊಡೆದುಕೊಳ್ಳುತ್ತದೆಯೇ? ಆ ಬದಿಯ ಒಂದು ಬಲ್ಬು ಸುಟ್ಟಿರಬಹುದು. ಹಳೆಯ ಫ್ಲ್ಯಾಷರ್ ಹಾಗೆಯೇ ಬಿಟ್ಟು ಎಲ್.ಇ.ಡಿ. ಬಲ್ಬು ಹಾಕಿದ್ದರೂ ಹೀಗಾಗುತ್ತದೆ, ಎಲ್.ಇ.ಡಿ. ಎಳೆದುಕೊಳ್ಳುವ ವಿದ್ಯುತ್ತು ಕಡಿಮೆಯಾದ್ದರಿಂದ ಬಲ್ಬು ಸುಟ್ಟಿದೆಯೆಂದೇ ಫ್ಲ್ಯಾಷರ್ ಭಾವಿಸುತ್ತದೆ.

6. ಸೆಲ್ಫ್ ಹೊಡೆದಾಗ ದೀಪ ಏನಾಗುತ್ತದೆ? ಪೂರ್ತಿ ಆರಿ, ಕೈ ಬಿಟ್ಟೊಡನೆ ಮತ್ತೆ ಹೊತ್ತಿದರೆ ಬ್ಯಾಟರಿಯ ತುದಿಯ ಹಿಡಿಕೆ ಸಡಿಲವಾಗಿರಬಹುದು. ಬಹಳ ಮಂಕಾದರೆ ಬ್ಯಾಟರಿ ಇಳಿದಿರಬಹುದು ಅಥವಾ ಸೆಲ್ಫ್ ಮೋಟಾರು ಬಿಗಿ ಹಿಡಿದಿರಬಹುದು. ದೀಪಕ್ಕೆ ಏನೂ ಆಗದೆ ಸೆಲ್ಫ್ ಕೂಡ ತಿರುಗದಿದ್ದರೆ ಸೆಲ್ಫಿನ ಸ್ವಿಚ್ಚು ಅಥವಾ ಅದರ ತಂತಿಯನ್ನು ನೋಡಬೇಕು.

ಟ್ರೇಲರಿನ ವಿಶೇಷ ತೊಂದರೆ

ಟ್ರ್ಯಾಕ್ಟರಿನ ದೀಪಗಳು ಸರಿಯಿದ್ದು ಟ್ರೇಲರಿನವು ಮಾತ್ರ ಮಿನುಗುತ್ತಿದ್ದರೆ ಎರಡು ಜಾಗಗಳನ್ನು ಮುಖ್ಯವಾಗಿ ನೋಡಬೇಕು. ಒಂದು, ಟ್ರ್ಯಾಕ್ಟರಿನ ಹಿಂದಿರುವ ಸಾಕೆಟ್ಟು ಮತ್ತು ಟ್ರೇಲರಿನ ಪ್ಲಗ್ಗು. ಧೂಳು, ಕೆಸರು, ಮಳೆನೀರು ಸೇರಿ ಇವುಗಳ ಕಡ್ಡಿಗಳು ಹಸಿರು ಕಿಲುಬು ಹಿಡಿಯುತ್ತವೆ. ಎರಡನೆಯದು ಇನ್ನೂ ಮುಖ್ಯ. ಅನೇಕ ಟ್ರೇಲರ್‌ಗಳಿಗೆ ಪ್ರತ್ಯೇಕ ಅರ್ತ್ ತಂತಿಯೇ ಇರುವುದಿಲ್ಲ. ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಸೇರಿಸುವ ಕೊಂಡಿಯ ಪಿನ್ನೇ ವಿದ್ಯುತ್ತು ಹಿಂದಿರುಗುವ ದಾರಿಯಾಗಿರುತ್ತದೆ. ಪಿನ್ನಿಗೆ ಗ್ರೀಸು ಬಳಿದಿರುತ್ತದೆ, ತುಕ್ಕು ಇರುತ್ತದೆ, ರಂಧ್ರ ಸವೆದು ಸಡಿಲವಾಗಿರುತ್ತದೆ. ಟ್ರೇಲರ್ ಎಳೆತಕ್ಕೆ ಸಿಕ್ಕಾಗ ಪಿನ್ನು ಒತ್ತಿಕೊಂಡು ದೀಪ ಉರಿಯುತ್ತದೆ. ಇಳಿಜಾರಿನಲ್ಲಿ ಒತ್ತಡ ತಪ್ಪಿದೊಡನೆ ದೀಪ ಆರುತ್ತದೆ. ಹಿಂದಿನಿಂದ ಬರುವ ವಾಹನಕ್ಕೆ ದೀಪ ಬೇಕಾಗಿರುವುದು ಅಂತಹ ಹೊತ್ತಿನಲ್ಲಿಯೇ.

ಇದಕ್ಕೆ ಪರಿಹಾರ ಸುಲಭ. ಟ್ರೇಲರಿನ ಎಲ್ಲ ದೀಪಗಳ ಅರ್ತನ್ನೂ ಒಂದು ಪ್ರತ್ಯೇಕ ತಂತಿಗೆ ಸೇರಿಸಿ, ಅದನ್ನು ಪ್ಲಗ್ಗಿನ ಅರ್ತ್ ಕಡ್ಡಿಯ ಮೂಲಕ ಟ್ರ್ಯಾಕ್ಟರಿನ ಮೈಗೆ, ಬಣ್ಣ ಕೆರೆದು ಹೊಳಪು ಮಾಡಿದ ಜಾಗಕ್ಕೆ, ಬೋಲ್ಟಿನಿಂದ ಬಿಗಿಯಬೇಕು. ಎರಡು ಟ್ರೇಲರ್ ಎಳೆಯುವವರು ಎರಡರ ನಡುವೆಯೂ ಹೀಗೆಯೇ ಮಾಡಬೇಕು. ಇದರ ಖರ್ಚು ಕೆಲವು ಮೀಟರ್ ತಂತಿ ಮಾತ್ರ.

ನಮ್ಮ ಕಸುಬಿಗೇ ಅಂಟಿಕೊಂಡ ಕಾರಣಗಳು

ಪೇಟೆಯ ಕಾರಿಗಿಂತ ರೈತನ ವಾಹನದ ವೈರಿಂಗು ಬೇಗ ಕೆಡಲು ಕಾರಣಗಳಿವೆ. ಮೊದಲನೆಯದು ರಾಸಾಯನಿಕ ಗೊಬ್ಬರ. ಟ್ರೇಲರಿನಲ್ಲಿ ಪೊಟ್ಯಾಷ್, ಅಮೋನಿಯಂ ಸಲ್ಫೇಟ್, ಯೂರಿಯಾ ಸಾಗಿಸುವಾಗ ಉದುರಿದ ಪುಡಿ ಗಾಳಿಯ ತೇವವನ್ನು ಹೀರಿ ತಂತಿಯ ಜೋಡಣೆಗಳ ಮೇಲೆ ಕುಳಿತು ತಾಮ್ರವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ಟ್ರೇಲರನ್ನು ಗುಡಿಸಿ, ತೊಳೆದು, ಒಣಗಿಸಬೇಕು. ಎರಡನೆಯದು ಕೆಸರುಗದ್ದೆ. ರೊಳ್ಳೆ ಹೊಡೆದು ಬಂದ ಟ್ರ್ಯಾಕ್ಟರಿನ ಜೋಡಣೆಗಳೊಳಗೆ ಕೆಸರುನೀರು ಸೇರಿರುತ್ತದೆ. ಮೂರನೆಯದು ಇಲಿ. ಕಾಳು ಕಡ್ಡಿ ಇಟ್ಟ ಕೊಟ್ಟಿಗೆಯಲ್ಲಿಯೇ ಟ್ರ್ಯಾಕ್ಟರ್ ನಿಲ್ಲಿಸಿದರೆ ಇಲಿ ತಂತಿಯ ಹೊದಿಕೆಯನ್ನು ಕಡಿಯುತ್ತದೆ. ನಾಲ್ಕನೆಯದು ವೆಲ್ಡಿಂಗು. ಉಪಕರಣವನ್ನು ಟ್ರ್ಯಾಕ್ಟರಿಗೆ ಸೇರಿಸಿದಂತೆಯೇ ವೆಲ್ಡಿಂಗ್ ಮಾಡಿಸಿದರೆ ಆಲ್ಟರ್ನೇಟರಿನ ಡಯೋಡುಗಳು ಸುಡುವ ಸಂಭವವಿದೆ. ಮೊದಲು ಉಪಕರಣವನ್ನು ಕಳಚಬೇಕು. ಟ್ರ್ಯಾಕ್ಟರಿನ ಮೇಲೆಯೇ ವೆಲ್ಡಿಂಗ್ ಮಾಡಬೇಕಾದರೆ ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಬಿಡಿಸಿರಬೇಕು.

ಅಳತೆ ಮಾಡುವ ವಿಧಾನ

ಕೆಲವು ನೂರು ರೂಪಾಯಿಗಳಿಗೆ ಮಲ್ಟಿಮೀಟರ್ ದೊರೆಯುತ್ತದೆ. ಊರಿನಲ್ಲಿ ನಾಲ್ಕೈದು ಮಂದಿ ಸೇರಿ ಒಂದನ್ನು ಕೊಂಡರೂ ಆಯಿತು. 12 ವೋಲ್ಟಿನ ಬ್ಯಾಟರಿಯನ್ನು ರಾತ್ರಿಯೆಲ್ಲಾ ಸುಮ್ಮನೆ ಬಿಟ್ಟು ಬೆಳಿಗ್ಗೆ ಅಳೆದಾಗ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸಿದರೆ ಅದು ತುಂಬಿದೆ. 12.2 ತೋರಿಸಿದರೆ ಹೆಚ್ಚು ಕಡಿಮೆ ಅರ್ಧ ಇದೆ. 11.9 ಕ್ಕಿಂತ ಕೆಳಗಿದ್ದರೆ ಇಳಿದುಹೋಗಿದೆ. ಎಂಜಿನ್ ಚಾಲೂ ಮಾಡಿ ಸ್ವಲ್ಪ ವೇಗ ಕೊಟ್ಟಾಗ ಆಲ್ಟರ್ನೇಟರ್ ಇರುವ ವಾಹನದಲ್ಲಿ 13.8 ರಿಂದ 14.4 ವೋಲ್ಟ್ ಬರಬೇಕು. ಎಂಜಿನ್ ನಡೆಯುತ್ತಿದ್ದರೂ 12.5 ರಲ್ಲಿಯೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ.

ಚಾರ್ಜ್ ಆಗದಿದ್ದರೆ ಮೊದಲು ಬೆಲ್ಟನ್ನು ನೋಡಿ. ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು 10 ರಿಂದ 12 ಮಿ.ಮೀ. ಬಾಗಿದರೆ ಸರಿ. ಹೆಚ್ಚು ಬಾಗಿದರೆ ಜಾರುತ್ತದೆ. ಬೆಲ್ಟು ಸರಿಯಿದ್ದು, ಎಲ್ಲ ಜೋಡಣೆಗಳೂ ಬಿಗಿಯಾಗಿದ್ದು, ದೀಪ ಆದರೂ ಒಂದೇ ಸಮನೆ ನಡುಗುತ್ತಿದ್ದರೆ ಆಲ್ಟರ್ನೇಟರಿನೊಳಗಿನ ಡಯೋಡು ಕೆಟ್ಟಿರಬಹುದು. ಇದು ಎಲೆಕ್ಟ್ರಿಷಿಯನ್ನನ ಕೆಲಸ.

ಅರ್ತ್ ಪರೀಕ್ಷೆ ಹೀಗೆ. ದೀಪ ಹೊತ್ತಿಸಿ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣಾಗ್ರಕ್ಕೂ, ಕೆಂಪು ಕಡ್ಡಿಯನ್ನು ದೀಪದ ಹೋಲ್ಡರಿನ ಲೋಹದ ಮೈಗೂ ಮುಟ್ಟಿಸಿ. ಹೆಚ್ಚು ಕಡಿಮೆ ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್ ಮೀರಿದರೆ ಅರ್ತಿನಲ್ಲಿ ದೋಷವಿದೆ. ಕಡ್ಡಿಯನ್ನು ದೀಪದಿಂದ ಬ್ಯಾಟರಿಯ ಕಡೆಗೆ ಒಂದೊಂದೇ ಜೋಡಣೆ ದಾಟಿಸುತ್ತಾ ಬಂದರೆ, ಎಲ್ಲಿ ಅಂಕಿ ಥಟ್ಟನೆ ಇಳಿಯಿತೋ ಅಲ್ಲಿ ಕೆಟ್ಟ ಜೋಡಣೆ ಇದೆ. ಈ ಅಳತೆಯನ್ನು ದೀಪ ಉರಿಯುತ್ತಿರುವಾಗಲೇ ಮಾಡಬೇಕು. ಹನಿ ನೀರಾವರಿಯ ಕೊಳವೆಯಲ್ಲಿ ಕಸ ಕಟ್ಟಿದ್ದರೂ, ನೀರು ಹರಿಯದೆ ನಿಂತಿರುವಾಗ ಒತ್ತಡ ಎಲ್ಲ ಕಡೆಯೂ ಸಮನಾಗಿಯೇ ಇರುತ್ತದೆ. ಹರಿಯತೊಡಗಿದ ಮೇಲೆಯೇ ಕೊರತೆ ತಿಳಿಯುತ್ತದೆ. ವಿದ್ಯುತ್ತಿನ ರೀತಿಯೂ ಅದೇ.

ರಾತ್ರಿ ಸರಿಯಿದ್ದ ಬ್ಯಾಟರಿ ಬೆಳಿಗ್ಗೆ ಇಳಿದಿರುತ್ತದೆ ಎಂದು ಕೆಲವರು ಹೇಳುತ್ತಾರೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬ್ಯಾಟರಿಯ ಋಣಾಗ್ರದ ತಂತಿಯನ್ನು ಬಿಡಿಸಿ, ಆ ತಂತಿಗೂ ಬ್ಯಾಟರಿಯ ತುದಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬನ್ನು ಸೇರಿಸಿ. ಬಲ್ಬು ಹೊತ್ತಿಕೊಂಡರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಆ ದಾರಿಯಲ್ಲಿ ಸೋರಿಕೆ ಇದೆ. ಹೀಗೆ ಬಲ್ಬು ಸೇರಿಸಿರುವಾಗ ಸೆಲ್ಫ್ ಹೊಡೆಯಬಾರದು.

ಮಾಡಬಾರದ ಕೆಲಸಗಳು

ಫ್ಯೂಸ್ ಸುಟ್ಟಾಗ ಸಿಗರೇಟಿನ ಬೆಳ್ಳಿ ಕಾಗದವನ್ನೋ ದಪ್ಪ ತಂತಿಯನ್ನೋ ಸುತ್ತುವ ಪದ್ಧತಿಯನ್ನು ಕೂಡಲೇ ಬಿಡಬೇಕು. ಕೆಟ್ಟ ಜೋಡಣೆಯೊಂದರ ತಡೆ 0.2 ಓಮ್ ಇದ್ದು, ಅದರಲ್ಲಿ 10 ಆಂಪಿಯರ್ ವಿದ್ಯುತ್ತು ಹರಿದರೆ ಅಲ್ಲಿಯೇ 20 ವಾಟಿನಷ್ಟು ಶಾಖ ಹುಟ್ಟುತ್ತದೆ. ತಂತಿಯ ಹೊದಿಕೆ ಕರಗಿ ಒಂದಕ್ಕೊಂದು ತಗುಲಿದಾಗ ಉಳಿಸಬೇಕಾದುದು ಫ್ಯೂಸು. ಅದರ ಕೈ ಕಟ್ಟಿಹಾಕಿದರೆ ಹಿಂದೆ ಹೇರಿದ ಹುಲ್ಲು ಅಥವಾ ಒಣಗಿದ ರವುದಿಗೆ ಬೆಂಕಿ ತಗುಲಲು ಇನ್ನೇನು ಬೇಕು?

ಎಂಜಿನ್ ನಡೆಯುವಾಗ ಬ್ಯಾಟರಿಯ ತಂತಿ ಕಿತ್ತು ಚಾರ್ಜು ಪರೀಕ್ಷಿಸುವುದು ಡೈನಮೋ ಕಾಲದ ಅಭ್ಯಾಸ. ಆಲ್ಟರ್ನೇಟರ್ ಇರುವ ಟ್ರ್ಯಾಕ್ಟರಿನಲ್ಲಾಗಲಿ, ಜೀಪು ಕಾರುಗಳಲ್ಲಾಗಲಿ ಹೀಗೆ ಮಾಡಬಾರದು. ವೋಲ್ಟೇಜು ಥಟ್ಟನೆ ಏರಿ ಡಯೋಡುಗಳೂ, ಇಂದಿನ ವಾಹನಗಳಲ್ಲಿರುವ ಎಲೆಕ್ಟ್ರಾನಿಕ್ ಭಾಗಗಳೂ ಸುಟ್ಟುಹೋಗುತ್ತವೆ.

ಬ್ಯಾಟರಿ ಚಾರ್ಜ್ ಆಗುವಾಗ ಹೊರಬರುವ ಜಲಜನಕ ಅನಿಲ ಕಿಡಿ ತಗುಲಿದರೆ ಸಿಡಿಯುತ್ತದೆ. ಅದರ ಬಳಿ ಬೀಡಿ ಸೇದುವುದು, ಬೆಂಕಿಕಡ್ಡಿ ಗೀರಿ ನೀರಿನ ಮಟ್ಟ ನೋಡುವುದು ಕೂಡದು. ತಂತಿ ಬಿಚ್ಚುವಾಗ ಅರ್ತ್ ತುದಿಯನ್ನು ಮೊದಲು ಬಿಚ್ಚಬೇಕು. ಕಟ್ಟುವಾಗ ಅದನ್ನು ಕೊನೆಗೆ ಕಟ್ಟಬೇಕು. ಬ್ರಿಟಿಷ್ ವಿನ್ಯಾಸದ ಕೆಲವು ಹಳೆಯ ವಾಹನಗಳಲ್ಲಿ ಧನಾಗ್ರವೇ ಅರ್ತ್ ಆಗಿರುವುದುಂಟು. ನೋಡಿಕೊಂಡು ಕೈ ಹಾಕಬೇಕು. ನೀರು ತುಂಬುವ ಬಗೆಯ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನಲ್ಲದೆ ಬೋರ್‌ವೆಲ್ಲಿನ ನೀರನ್ನು ಹಾಕಬಾರದು. ಅದರಲ್ಲಿರುವ ಲವಣಗಳು ಸೀಸದ ಫಲಕಗಳನ್ನು ಕೆಡಿಸುತ್ತವೆ. ಇಳಿದಿರುವುದು ನೀರು ಮಾತ್ರವಾದ್ದರಿಂದ ಮೇಲೆ ಆಮ್ಲ ಸುರಿಯುವುದೂ ತಪ್ಪು. ಆಮ್ಲ ಮೈಮೇಲೆ ಅಥವಾ ಕಣ್ಣಿಗೆ ಸಿಡಿದರೆ ಧಾರಾಳವಾಗಿ ತಣ್ಣೀರಿನಿಂದ ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಹಂಗಾಮಿಗೆ ಮುನ್ನ ಒಂದು ದಿನ

ಬೀಜೋಪಚಾರಕ್ಕೆ ದಿನ ಗೊತ್ತು ಮಾಡುವಂತೆ ಕಬ್ಬು ಕಡಿಯುವ ಮುನ್ನ ಈ ಕೆಲಸಕ್ಕೂ ಒಂದು ದಿನ ಮೀಸಲಿಡಿ. ಬ್ಯಾಟರಿಯ ತುದಿಗಳ ಬಿಳಿ ಪುಡಿಯನ್ನು ಅಡಿಗೆ ಸೋಡ ಬೆರೆಸಿದ ನೀರಿನಿಂದ, ಅದು ಬ್ಯಾಟರಿಯ ಒಳಕ್ಕೆ ಹೋಗದಂತೆ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಅರ್ತ್ ಪಟ್ಟಿಯ ಎರಡು ತುದಿಗಳನ್ನೂ ಬಿಚ್ಚಿ, ತುಕ್ಕು ತೆಗೆದು ಬಿಗಿಯಿರಿ. ಪ್ರತಿ ಹೋಲ್ಡರನ್ನೂ ಮರಳು ಕಾಗದದಿಂದ ಉಜ್ಜಿ. ಕೈಯಿಂದ ತಿರುಚಿದ ತಂತಿಗಳಿದ್ದರೆ ಬೆಸುಗೆ ಹಾಕಿಸಿ ಟೇಪು ಸುತ್ತಿಸಿ. ಒಂದೆರಡು ಬಲ್ಬು, ಸರಿಯಾದ ಅಳತೆಯ ಫ್ಯೂಸು ಸದಾ ಪೆಟ್ಟಿಗೆಯಲ್ಲಿರಲಿ. ದೀಪಗಳು ಕೈಕೊಟ್ಟರೂ ಕೆಲಸಕ್ಕೆ ಬರುವಂತೆ ಟ್ರೇಲರಿನ ಹಿಂದೆ ಬೆಳಕು ಪ್ರತಿಫಲಿಸುವ ಕೆಂಪು ಪಟ್ಟಿ ಅಂಟಿಸಿ, ಹೊರೆ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಆದರೆ ಪಟ್ಟಿಯು ದೀಪಕ್ಕೆ ಬದಲಿಯಲ್ಲ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಮಣ್ಣು ಪರೀಕ್ಷೆಯ ಪ್ರಾತ್ಯಕ್ಷಿಕೆ ಏರ್ಪಡಿಸುವಂತೆ, ವರ್ಷಕ್ಕೊಮ್ಮೆ ಪ್ರತಿ ಊರಿನಲ್ಲಿ ಒಂದು ಸಂಜೆ ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿ ದೀಪ ಪರೀಕ್ಷೆ ನಡೆಸಿ. ಎಂಜಿನಿಯರಿಂಗ್ ವಿಭಾಗದ ತಜ್ಞರೋ ಊರಿನ ಎಲೆಕ್ಟ್ರಿಷಿಯನ್ನನೋ ಬಂದು ನಿಂತರೆ ಒಂದೇ ಸಂಜೆಯಲ್ಲಿ ಹತ್ತಾರು ಟ್ರೇಲರ್‌ಗಳ ಅರ್ತ್ ಸರಿಯಾಗುತ್ತದೆ. ಅಷ್ಟೂ ಗಾಡಿಗಳ ಹುಡುಗರು ರಾತ್ರಿ ಕ್ಷೇಮವಾಗಿ ಮನೆ ಸೇರುತ್ತಾರೆ, ಅವರ ಹಿಂದೆ ಬರುವವರೂ ಸೇರುತ್ತಾರೆ.